ಪಾಲಣ್ಣನ ಎಗರು ಹಾಡು

ತನ್ನ ಪ್ಲೇಟಿನ ಮೇಲೆ ಒಂದೇ ಒಂದು ಗೀರು ತೋರಿಸಿದರೆ ಅವತ್ತೇ ಮೈಕ್‌ಸೆಟ್ ಬಿಚ್ಚಿ ಗುಜರಿಗೆ ಹಾಕುತ್ತೇನೆ ಎಂಬುದು ಚಳ್ಳಕೆರೆಯ ಪಾಲಣ್ಣನ ಹಳೇ ಸವಾಲು. "ಹಸುಗೂಸಿನ ಕೆನ್ನೆ ಹೆಂಗೈತೋ ಹಂಗೈತೆ ಕಣ್ರೀ ನನ್ನ ಪ್ಲೇಟು!"

ಪ್ಲೇಟು ಅಂದರೆ ಹಳೇ ಕಾಲದ ಇಂಗ್ಲಿಷ್ ರಾಕ್ ಹಾಡುಗಳ ಗ್ರಾಮಫೋನ್ ರೆಕಾರ್ಡು. ನನ್ನಿವಾಳದಿಂದ ಬಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊರುತ್ತಿದ್ದ ಪಾಲಣ್ಣ, ಬಳ್ಳಾರಿಯ ಗುಜರಿಯಲ್ಲಿ ಮೈಕ್‌ಸೆಟ್ ಕೊಂಡಾಗ ಪೆಟ್ಟಿಗೆಯ ತಳದಲ್ಲಿ ಅದು ಪುಕ್ಕಟೆಯಾಗಿ ಸಿಕ್ಕಿತ್ತು. ಕವರಿನ ಮೇಲೆ ನಾಲ್ಕು ಜನ ಉದ್ದ ಕೂದಲಿನವರು. ಸಾಧುಗಳಿರಬೇಕೆಂದು ನಂಬಿ ಮೊದಲ ಸಲ ತಳಕು ಊರಿನ ಭಜನೆಗೇ ಹಾಕಿದ. ಭಜನೆಯವರು ತಾಳ ಬಿಸಾಡಿ ಓಡಿದರು. ಎಮ್ಮೆಗಳು ಮಾತ್ರ ಆ ವಾರವೆಲ್ಲ ಎರಡರಷ್ಟು ಹಾಲು ಕೊಟ್ಟವು. ನಂಬದವರು ಹೋಗಿ ಆ ಎಮ್ಮೆಗಳ ಮೊಮ್ಮಕ್ಕಳನ್ನು ಕೇಳಿ.

ಎರಡನೇ ಹಾಡಿನ ನಡುವೆ ಮುಳ್ಳು ಟಕ್ಕನೆ ಮುಂದಕ್ಕೆ ಎಗರುತ್ತಿತ್ತು. ಜನ ಅದನ್ನೂ ಹಾಡೆಂದೇ ತಿಳಿದು, ಮುಳ್ಳಿನ ಜತೆ ತಾವೂ ಎಗರುವುದನ್ನು ಕಲಿತರು. ಅದಕ್ಕೇ ಅದು 'ಎಗರು ಹಾಡು' ಆಯಿತು. ಅದಿಲ್ಲದ ಮದುವೆ ಮದುವೆಯೇ ಅಲ್ಲ. ಒಮ್ಮೆ ಗೌರಸಮುದ್ರದ ಬೀಗರೆಲ್ಲ ಒಟ್ಟಿಗೆ ಎಗರಿ ಇಳಿದ ರಭಸಕ್ಕೆ ಬತ್ತಿದ ಬೋರ್‌ವೆಲ್ಲು ಕೆಮ್ಮಿ ನೀರು ಕಕ್ಕಿತು. ಗೀರಿರಬೇಕಲ್ಲ ಎಂದು ಯಾರಾದರೂ ಅಂದರೆ ಪಾಲಣ್ಣ ಉರಿದುಬೀಳುತ್ತಿದ್ದ. "ಹಾಡೋನೇ ಅಲ್ಲಿ ಎಗರಿದಾನೆ. ನಾನೇನ್ ಕಾಲು ಹಿಡ್ಕೊಳ್ಳಾಕಾಗ್ತೈತಾ?"

ಹೋದ ವರ್ಷ ಮೊಳಕಾಲ್ಮುರಿನ ಬೊಮ್ಮಲಿಂಗಪ್ಪನವರ ಮಗಳು ನಿರ್ಮಲಾಳ ಮದುವೆ; ಮೈಕ್‌ಸೆಟ್ ಪಾಲಣ್ಣನದೇ. ಪಾಲಣ್ಣನ ಅಕ್ಕನ ಮಗ ಅಂಜನ್ ಅದೇ ಊರಲ್ಲಿ ಹೊಸ ಸೌಂಡ್ ಅಂಗಡಿ ಇಟ್ಟಿದ್ದ. ಊಟ ಮುಗಿಯುವ ಹೊತ್ತಿಗೆ ಎರಡಾಳೆತ್ತರದ ಸ್ಪೀಕರುಗಳನ್ನು ತಂದು ನಿಲ್ಲಿಸಿದ.

"ಮಾವ, ನಿನ್ನ ಪ್ಲೇಟಿನ ಹಾಡುಗಳನ್ನೇ ಕಂಪನಿಯವರು ತೊಳೆದು ಹೈ ರೆಸಲ್ಯೂಷನ್ನಾಗೆ ಹೊಸದಾಗಿ ಬಿಟ್ಟಿದಾರೆ. ಹಾಡೋನು ಉಸಿರಾಡೋದೂ ಕೇಳ್ತೈತೆ."

"ಹಾಡಿದಾನೆ ಅಂದ್ಮೇಲೆ ಉಸಿರಾಡ್ದೆ ಇರ್ತಾನೇನ್ಲೇ?"

"ಎಗರ್ತಾನೋ ಇಲ್ವೋ ಇವತ್ತು ಗೊತ್ತಾಗ್ತೈತೆ. ಎಗರಲಿಲ್ಲ ಅಂದ್ರೆ ನಿನ್ನ ಸೆಟ್ಟು ಗುಜರಿಗೆ, ಹೌದಾ?"

ಇಡೀ ಚಪ್ಪರ ಇತ್ತ ತಿರುಗಿತು. "ಹಾಕೋ ಲೇ!" ಅಂದ ಪಾಲಣ್ಣ.

ಹಾಡು ಹರಿಯಿತು. ಆಹಾ, ಏನು ಶುದ್ಧ! ಗಿಟಾರಿನ ತಂತಿಯ ಮೇಲಿನ ಧೂಳು ಉದುರಿದ್ದೂ ಕೇಳುವಷ್ಟು. ಆ ಜಾಗ ಬಂತು. ಜನ ಎಗರಿದರು. ಹಾಡು ಎಗರಲಿಲ್ಲ.

ಗಂಡಿನ ಸೋದರಮಾವ, ಆಂಧ್ರದ ಕಡೆಯ ಸೂರಪ್ಪ ಇನ್ನೂ ಗಾಳಿಯಲ್ಲೇ ಇದ್ದ. "ಪಾಟ ಎಕ್ಕಡ ಪೋಯಿಂದಿರಾ!" ಎಂದು ಹಾಡನ್ನು ಹುಡುಕುತ್ತ ಬಂದು ಬೊಮ್ಮಲಿಂಗಪ್ಪನವರ ಪಾದದ ಮೇಲೆ ಇಳಿದ. ಕುಣಿಯುತ್ತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.

ಪಾಲಣ್ಣನ ಹೆಂಡತಿ ಚಿಕ್ಕಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ಆ ಗೀರು ನಮ್ಮ ಹ್ಯಾಟೆ ಕೋಳಿ ಕೆರೆದಿದ್ದು ಕಣ್ರವ್ವಾ. ಪ್ಲೇಟು ಒಣಗಾಕಿದ್ರು, ಅದು ಕಾಳು ಅಂತ ಕೆರೀತು."

"ಸುಮ್ನಿರೇ!" ಎಂದ ಪಾಲಣ್ಣ. ಆದರೆ ಮಾತು ಆಗಲೇ ಚಪ್ಪರ ದಾಟಿತ್ತು. ಅವನು ತುಟಿ ಕಚ್ಚಿಕೊಂಡು ವೈರು ಸುತ್ತತೊಡಗಿದ.

ಆಗ ಮದುಮಗಳೇ ಬಾಸಿಂಗ ಸರಿಮಾಡಿಕೊಂಡು ಎದ್ದು ನಿಂತಳು. "ಪಾಲಣ್ಣಾರೇ, ವೈರು ಬಿಡ್ರಿ. ನಮ್ಮವ್ವನ ಮದುವೇಲಿ ಎಗರಿದಾರೆ, ನಮ್ಮಕ್ಕನ ಮದುವೇಲಿ ಎಗರಿದಾರೆ. ನನ್ನ ಮದುವೇಲಿ ಮಾತ್ರ ಬಿದ್ದು ಹೋಗ್ಬೇಕಾ? ನಮ್ಮ ಹಾಡು ಹಾಕ್ರಿ."

ಪಾಲಣ್ಣ ಪ್ಲೇಟು ಇಟ್ಟ. ಕರಕರ ಸದ್ದು, ಹಾಡು, ಆಮೇಲೆ ಟಕ್! ಚಪ್ಪರದ ಕಂಬಗಳೂ ನೆಲ ಬಿಟ್ಟವು. ಅಂಜನ್ ಕೂಡ ಮರೆತು ಎಗರಿದ, ಇಳಿದ ಮೇಲೆ ನಾಚಿದ.

ಆದರೂ ಹಠ ಬಿಡಲಿಲ್ಲ. "ಕುಣಿದಿದ್ದು ಬೇರೆ ಮಾತು. ಗೀರೈತೋ ಇಲ್ವೋ, ಒಪ್ಕೋ ಮಾವ. ಗುಜರಿಗೆ ಯಾವಾಗ?"

ಪಾಲಣ್ಣ ಪ್ಲೇಟನ್ನು ಪಂಚೆಯ ಅಂಚಿನಲ್ಲಿ ಒರೆಸಿದ.

"ಐತೆ ಕಣಲೇ. ಆ ಹಾಡಿನಾಗೆ ನಂದು ಅಂತ ಇರೋದು ಅದೊಂದೇ. ನಿನ್ನ ಡಬ್ಬಿಯಾಗೆ ನಿಂದೇನೈತೆ ತೋರ್ಸು, ಇಬ್ರೂ ಸೇರಿ ಗುಜರಿಗೆ ಹೋಗಾನ."