ಬೋರ್ಡು ಮೇಷ್ಟ್ರು ಮತ್ತು ನೀಲಿ ಹೊಟ್ಟೆ

ವಸ್ತು ಸಂಗ್ರಹಾಲಯದ ಪ್ರಾಣಿ ವಿಭಾಗದಲ್ಲಿ ಬೋರ್ಡು ಬರೆಯುವುದು ಅವರ ಕೆಲಸ. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಎದುರು ಸಿಕ್ಕವರಿಗೆಲ್ಲ ಪಾಠ ಹೇಳದೆ ಬಿಟ್ಟವರೂ ಅಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಬೋರ್ಡು ಮೇಷ್ಟ್ರು. ಮನೆಗೆ ಭಾವಮೈದ ಬಂದರೆ ಕುಶಲ ಕೇಳುವ ಮೊದಲೇ, "ಕುತ್ತಿಗೆ ಗಿಡ್ಡ, ಕಿವಿ ಅಗಲ, ದವಡೆ ದಪ್ಪ" ಎಂದು ಷರಾ ಎಳೆದುಬಿಡುತ್ತಿದ್ದರು.

"ನನ್ನ ತಮ್ಮನ್ನೇನು ಜಾಡಿಗೆ ಹಾಕ್ತೀರಾ?" ಎಂದು ಹೆಂಡತಿ ಒಳಗಿಂದಲೇ ಗದರುತ್ತಿದ್ದಳು.

ಅವರ ಜಂಬವೆಲ್ಲ ಮುಳ್ಳೋತಿಗಳ ಕಪಾಟಿನ ಮೇಲೆ ನಿಂತಿತ್ತು. ಮೈತುಂಬ ಮುಳ್ಳು ಹೊತ್ತ ಆ ಸತ್ತ ಓತಿಕ್ಯಾತಗಳು ಕೆಡದಂತೆ ಇಡುವ ದ್ರಾವಣದ ಜಾಡಿಗಳಲ್ಲಿ ನೆಟ್ಟಗೆ ನಿಂತಿದ್ದವು. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹುರುಪೆ, ಪ್ರತಿ ಹುರುಪೆಯ ನಡುವೆ ಏಣು, ತುದಿಯಲ್ಲಿ ಚೂಪು ಮುಳ್ಳು, ಉದ್ದ ಬಾಲ, ಗಂಡಿನ ಕುತ್ತಿಗೆಗೆ ಕಪ್ಪು ಪಟ್ಟಿ. ಇದನ್ನೆಲ್ಲ ಮೇಷ್ಟ್ರು ಚೆನ್ನಾಗಿಯೇ ಬರೆದಿದ್ದರು. ಕೊನೆಗೆ, "ಮೈಯೆಲ್ಲ ಬೂದು. ಹೊಟ್ಟೆಯಲ್ಲಿ ವಿಶೇಷವೇನಿಲ್ಲ" ಎಂದು ಸೇರಿಸಿದ್ದರು. ಹೊಟ್ಟೆಯನ್ನು ಅವರು ನೋಡಿರಲೇ ಇಲ್ಲ. ಜಾಡಿಯ ಆ ಬದಿಗೆ ಅವರೇ ಚೀಟಿ ಅಂಟಿಸಿದ್ದರು.

ಒಂದು ದಿನ ಯಾರೋ ಮನೆಯಲ್ಲಿ ಸಾಕಿದ್ದ ಜೀವಂತ ಮುಳ್ಳೋತಿಯೊಂದನ್ನು ಸಂಗ್ರಹಾಲಯಕ್ಕೆ ಕೊಟ್ಟರು. ಅದಕ್ಕೆ ಗಾಜಿನ ಪೆಟ್ಟಿಗೆ, ಕಾಯಿಸಿಕೊಳ್ಳಲು ದೀಪ, ಹತ್ತಲು ಒಣ ಕೊಂಬೆ ಎಲ್ಲ ಸಿದ್ಧವಾಯಿತು. ಮೇಷ್ಟ್ರು ಹಳೇ ಬೋರ್ಡನ್ನೇ ನಕಲು ಮಾಡಿ ಮುಂದೆ ತೂಗುಹಾಕಿದರು. ಓತಿ ದೀಪದ ಬಿಸಿಗೆ ಚುರುಕಾಗಿ ಕೊಂಬೆ ಹತ್ತಿತು, ತುದಿಯಲ್ಲಿ ಹಿಂಗಾಲೂರಿ ಎದ್ದು ಗಾಜಿಗೆ ಹೊಟ್ಟೆ ಒತ್ತಿ ನಿಂತಿತು. ಹೊಟ್ಟೆಯ ಎರಡು ಪಕ್ಕಕ್ಕೂ ಶಾಯಿ ಚೆಲ್ಲಿದಂಥ ನೀಲಿ, ಗಂಟಲೂ ನೀಲಿ.

"ಬೂದು ಅಂತ ಬರೆದಿದ್ದೀರಲ್ಲ, ಇದು ಬೇರೆ ಪ್ರಾಣಿನಾ?" ಎಂದು ನೋಡಲು ಬಂದಿದ್ದ ಹೆಂಗಸೊಬ್ಬರು ಕೇಳಿದರು.

"ಗಾಜಿನ ಬಣ್ಣ ಅಮ್ಮಾ ಅದು," ಎಂದರು ಮೇಷ್ಟ್ರು.

ಆಕೆ ನೇರ ನಿರ್ದೇಶಕಿಯ ಕೋಣೆಗೆ ಹೋದರು. ನಿರ್ದೇಶಕಿ ಮೇಷ್ಟ್ರನ್ನು ಕರೆಸಿ, "ಜಾಡಿಯ ಚೀಟಿ ಕಿತ್ತು ನೋಡಿದ್ದೀರಾ?" ಎಂದರು. ಕಿತ್ತು ನೋಡಿದರೆ, ಅಲ್ಲೂ ಮಸುಕಾದ ಎರಡು ನೀಲಿ ಪಟ್ಟೆ. ಮೇಷ್ಟ್ರ ಕಿವಿ ಬಿಸಿಯಾಯಿತು. ಆದರೆ ಮರ್ಯಾದೆ ಎಂಬುದೊಂದಿದೆಯಲ್ಲ! ಇನ್ನೂ ದೊಡ್ಡ ಚೀಟಿ ತಂದು ಅಂಟಿಸಿದರು.

"ಬೋರ್ಡು ಬದಲಾಯಿಸಿ," ಎಂದು ನಿರ್ದೇಶಕಿ ಆಜ್ಞೆ ಮಾಡಿದರು. ಮೇಷ್ಟ್ರು ಓತಿಯನ್ನೇ ಬದಲಾಯಿಸಲು ಹೊರಟರು. ಚಳಿಯಾದರೆ ಅದರ ಮೈ ಕಪ್ಪಿಡುತ್ತದೆ, ಮೂಲೆ ಹಿಡಿದು ಬೋರಲು ಬೀಳುತ್ತದೆ ಎಂದು ಎಲ್ಲೋ ಓದಿದ್ದರು. ಮೆಲ್ಲಗೆ ದೀಪ ಆರಿಸಿದರು. ಓತಿ ಕಲ್ಲಿನಂತೆ ಮುದುಡಿತು. ಮೈ ಮಂಕಾಯಿತು, ಹೊಟ್ಟೆ ನೆಲಕ್ಕೆ ಅಂಟಿತು. ಈಗ ಬೋರ್ಡು ಸರಿ! ಆ ಬಡಪ್ರಾಣಿ ಹುಳ ತಿನ್ನುವುದನ್ನೂ ಬಿಟ್ಟಿತು. ಮೇಷ್ಟ್ರು ಮಾತ್ರ ಮನೆಯಲ್ಲಿ ಹೊಟ್ಟೆತುಂಬ ಉಂಡರು.

ಪೆಟ್ಟಿಗೆ ನೋಡಿಕೊಳ್ಳುವಾಕೆ ರಜೆಯಿಂದ ಬಂದವಳೇ, "ಯಾವ ಪುಣ್ಯಾತ್ಮ ದೀಪ ಆರಿಸಿದ್ದು?" ಎಂದು ಬೈಯುತ್ತ ಹಚ್ಚಿದಳು. ಮಧ್ಯಾಹ್ನ ಪ್ರವಾಸಿಗರ ಗುಂಪು ಬರುವ ಹೊತ್ತಿಗೆ ಓತಿ ಮತ್ತೆ ಗಾಜಿಗೆ ಹೊಟ್ಟೆ ಕೊಟ್ಟು ಮೆರೆಯುತ್ತಿತ್ತು. ಮೇಷ್ಟ್ರು ಓಡೋಡಿ ಬಂದು, ಪೆಟ್ಟಿಗೆಗೆ ಕೈ ಹಾಕಿ, ಬಾಲ ಹಿಡಿದು ಕೆಳಗೆಳೆದರು.

ಬಾಲ ಕೈಗೆ ಬಂತು. ಓತಿ ಬರಲಿಲ್ಲ.

ತುಂಡು ಬಾಲ ಅಂಗೈಯಲ್ಲಿ ಪಟಪಟ ಒದ್ದಾಡತೊಡಗಿದ್ದೇ ತಡ, ಮೇಷ್ಟ್ರು ಕಿಟಾರನೆ ಕಿರುಚಿದರು. ಆಯುಷ್ಯವಿಡೀ ಹಲ್ಲಿ ಹಾವುಗಳ ಬಗ್ಗೆ ಬರೆದ ಮನುಷ್ಯ ಜೀವಂತ ಪ್ರಾಣಿಯೊಂದನ್ನು ಮುಟ್ಟಿದ್ದು ಅದೇ ಮೊದಲು. ಗದ್ದಲ ಕೇಳಿ ಬಂದ ನಿರ್ದೇಶಕಿ ಬಾಲವನ್ನೂ ಮೇಷ್ಟ್ರನ್ನೂ ನೋಡಿದರು.

"ಏನ್ರೀ ಇದು?"

ಮೇಷ್ಟ್ರು ಬೆವರೊರೆಸಿಕೊಂಡು ಹೇಳಿದರು: "ಬಾಲ ಉದ್ದ ಅಂತ ಬರೆದಿದ್ದೆ ಮೇಡಂ. ಅದೊಂದು ತಿದ್ದಬೇಕು."

ಓತಿಗೆ ಬಾಲ ನಿಧಾನವಾಗಿ ಮತ್ತೆ ಚಿಗುರಿತು, ಮೊದಲಿನಷ್ಟು ಉದ್ದವಲ್ಲ, ಅಷ್ಟು ಚಂದವೂ ಅಲ್ಲ. ಹೊಸ ಬೋರ್ಡನ್ನು ನಿರ್ದೇಶಕಿಯೇ ಕೂತು ಬರೆದರು. ಮೇಷ್ಟ್ರನ್ನು ಕಲ್ಲುಗಳ ವಿಭಾಗಕ್ಕೆ ಹಾಕಿದರು.

"ಕಲ್ಲಾದರೆ ಒಳ್ಳೇದೇ ಆಯ್ತು ಬಿಡಿ, ನಿಮಗೆ ಜೋಡಿ," ಎಂದಳು ಹೆಂಡತಿ.

ಮೇಷ್ಟ್ರಿಗೂ ಖುಷಿಯೇ. ಕಲ್ಲು ಗಾಜು ಹತ್ತುವುದಿಲ್ಲ, ಬಣ್ಣ ಬದಲಿಸುವುದಿಲ್ಲ. ಆದರೆ ಅಲ್ಲಿ ನೆಲ ಒರೆಸುವಾಕೆಯೊಂದಿಗೆ ದಿನಾ ಜಗಳವಂತೆ: ಒದ್ದೆ ಬಟ್ಟೆ ತಾಗಿದರೆ ಕಲ್ಲಿನ ಬಣ್ಣ ಗಾಢವಾಗುತ್ತದೆ, ಬೋರ್ಡು ಸುಳ್ಳಾಗುತ್ತದೆ ಎಂದು.