ದೋಣಿ ಕಾಕಾ ಎಂಬ ಹೆಸರು

ಊರಲ್ಲಿ ನನ್ನನ್ನು ದೋಣಿ ಕಾಕಾ ಎನ್ನುತ್ತಾರೆ. ಮಹಾಪೂರದ ವರ್ಷ ಬಂದ ಹೆಸರು. ಅದನ್ನು ಹೊತ್ತು ತಿರುಗಲಾಗದೆ ಒಂದು ದಿನ ಗೋಕಾಕದ ವಾಚನಾಲಯದಲ್ಲಿ ಕೂತು ನಿಘಂಟು ತೆರೆದೆ. ನಾನು ಓದಿದ್ದು ಹೈಸ್ಕೂಲು ಮಾತ್ರ. ತಿಳಿದಷ್ಟು ಬರೆಯುತ್ತೇನೆ.

ದೋಣಿ ಸಂಸ್ಕೃತದ ದ್ರೋಣಿಯಿಂದ ಬಂತು ಎನ್ನುತ್ತಾರೆ. ಮರವನ್ನು ಕೊರೆದು ಟೊಳ್ಳು ಮಾಡುವುದರಿಂದ ಹುಟ್ಟಿದ ನಮ್ಮದೇ ಮಾತು ಎನ್ನುವವರೂ ಇದ್ದಾರೆ. ಹೊಳೆ ದಾಟಿಸುವುದು ದೋಣಿ. ದನ ನೀರು ಕುಡಿಯುವ ಕಲ್ಲಿನ ತೊಟ್ಟಿಯೂ ದೋಣಿ, ಮಾಳಿಗೆಯ ಮಳೆನೀರು ಹೊರಗೆ ಚೆಲ್ಲುವುದೂ ದೋಣಿ. ಎಲ್ಲದರಲ್ಲೂ ಇರುವುದು ಒಂದು ಪೊಳ್ಳು. ನೀರು ಒಳಗಿದ್ದರೆ ದನಕ್ಕೆ, ಹೊರಗಿದ್ದರೆ ಮನುಷ್ಯನಿಗೆ.

ನನ್ನದು ಬೆಲ್ಲ ಕಾಸುವ ಕೊಪ್ಪರಿಗೆ. ಘಟಪ್ರಭೆ ಉಕ್ಕಿದಾಗ ನಮ್ಮ ಕಡೆ ಅದನ್ನೇ ನೀರಿಗಿಳಿಸುತ್ತೇವೆ. ಇಳಿಸಿದ ಗಳಿಗೆಯಿಂದ ಅದೂ ದೋಣಿಯೇ.

ಮಹಾಪೂರದ ವರ್ಷ ಒಂದು ಮಧ್ಯಾಹ್ನ ಒಬ್ಬ ಕುರಿಗಾರ, ಅವನ ಹೆಂಡತಿ, ಹಿಂಡು, ಎಲ್ಲ ನಡುನೀರಿನ ದಿಬ್ಬದ ಮೇಲೆ ಸಿಕ್ಕಿಬಿದ್ದಿದ್ದರು. ಹುಟ್ಟು ಹಾಕುತ್ತ ನಾನೊಬ್ಬನೇ ಹೋದೆ. ದಿಬ್ಬ ಕರಗುತ್ತಿತ್ತು. ಹಿಂಡಿನ ಮುಂದಾಳು ಭಾರೀ ಟಗರು. ಅದನ್ನು ತಂದು ಇಳಿಸಿದರೆ ದಂಡೆಯಲ್ಲಿ ಮೊಬೈಲು ಹಿಡಿದು ನಿಂತವರು ಬೆರಗಾಗುತ್ತಾರೆ ಎಂಬ ಆಸೆ ನನಗೆ.

“ಕಾಕಾ, ಟಗರು ಕಡೀಕ ಇರ್ಲಿ. ಅದು ಹೊಂಟ್ರ ಎಲ್ಲಾ ಬೆನ್ನ ಹತ್ತತಾವು. ಮೊದಲ ಇಕಿನ್ನ ದಾಟಸ್ರಿ,” ಎಂದ ಕುರಿಗಾರ.

“ತಮ್ಮಾ, ಕುರಿ ಮಾತು ನಿಂದು, ನೀರಿನ ಮಾತು ನಂದು. ನೀನೂ ಹತ್ತು, ಹಿಡಿ ಅದರ ಕಾಲು!” ಎಂದು ನಾನೇ ಟಗರನ್ನು ಎಳೆದು ಹೇರಿದೆ.

ಹೊಳೆಯ ನಡುವೆ ಟಗರು ಒಮ್ಮೆ ಅರಚಿತು. ದಿಬ್ಬದ ಮೇಲೆ ಅವನ ಹೆಂಡತಿ ಎರಡೂ ಕೈ ಚಾಚಿ ಹಿಂಡಿಗೆ ಅಡ್ಡ ನಿಂತಳು. ಒಂದು ಕುರಿ ಜಿಗಿಯಿತು. ಆಮೇಲೆ ಎಲ್ಲವೂ. ನೀರಿನ ಮೇಲೆ ತಲೆಗಳು ಕಂಡವು, ಸೆಳೆತಕ್ಕೆ ಹೋದವು, ಮತ್ತೆ ಕಾಣಲಿಲ್ಲ. ಕೊಪ್ಪರಿಗೆಯಲ್ಲಿ ಕುರಿಗಾರ ಎದ್ದು ನಿಂತ. “ಕುಂಡ್ರೋ, ಮುಳಗತೀವಿ!” ಎಂದು ಅವನ ಧೋತರ ಹಿಡಿದು ಕೂರಿಸಿದೆ.

ಅವನನ್ನು ಇಳಿಸಿ, ಮರಳಿ ಹೋಗಿ ಅವಳನ್ನು ಕರೆತಂದೆ.

“ಟಗರು ಮೊದಲ ಹೇರಿದವ್ರು ಯಾರ್ರಿ?” ದಂಡೆಯಲ್ಲಿ ಯಾರೋ ಕೇಳಿದರು.

“ಅವನೇ ಹೇರಿದ. ಎಷ್ಟ ಹೇಳಿದ್ರೂ ಕೇಳಲಿಲ್ಲ,” ಎಂದೆ.

ಅವನು ನನ್ನ ಮುಖ ನೋಡಿದ. ಹೆಂಡತಿಯನ್ನು ಉಳಿಸಿದವನ ಎದುರು ಬಾಯಿ ತೆರೆಯಲಿಲ್ಲ.

ನನಗೆ ಶಾಲು ಹೊದಿಸಿದರು, ಹೆಸರು ಕೊಟ್ಟರು. ಅವನನ್ನು ನೋಡಿ ಮೂಡಲಗಿಯಿಂದ ಹುಕ್ಕೇರಿಯವರೆಗೆ ಕುರಿಗಾರರು ನಕ್ಕರು. “ಕೂಸಿಗೂ ಗೊತ್ತಿದ್ದದ್ದು ಇವಗ ಗೊತ್ತಿಲ್ಲ ನೋಡ್ರಿ!” ಕಾಯಲು ಯಾರೂ ಹಿಂಡು ಕೊಡಲಿಲ್ಲ. ಈಗ ಯಮಕನಮರಡಿಯಲ್ಲಿ ಲಾರಿಗೆ ಚೀಲ ಹೇರುತ್ತಾನೆ.

ಕಳೆದ ವಾರ ಅವನ ಮನೆಗೆ ಹೋದೆ. ಬಾಗಿಲಲ್ಲಿ ಹೆಂಡತಿಯೇ ಇದ್ದಳು. ತಪ್ಪು ಒಪ್ಪಿಕೊಂಡೆ.

“ನನಗ್ಯಾಕ ಹೇಳ್ತೀರಿ ಕಾಕಾ? ನಾ ಕಣ್ಣಾರೆ ಕಂಡೇನಿ. ನಕ್ಕವ್ರಿಗೆ ಹೇಳ್ರಿ.”

ಅವನು ಲಾರಿಗೆ ಚೀಲ ಹೇರುವ ಜಾಗದ ಎದುರಿಗೇ ಕುರಿಗಾರರು ಕೂಡುವ ಚಹಾದಂಗಡಿ. ಅಲ್ಲಿಗೆ ಹೋಗಿ, ನಿಂತುಕೊಂಡೇ ಹೇಳಿದೆ. ಅವರಲ್ಲಿ ಹಿರಿಯನೊಬ್ಬ ಕಪ್ಪು ಕೆಳಗಿಟ್ಟ. “ಇಷ್ಟ ವರ್ಷ ನಾವು ಅವನ್ನ...” ಎಂದವನು ಮಾತು ಮುಗಿಸದೆ ಎದ್ದು, ರಸ್ತೆ ದಾಟಿ ಲಾರಿಯ ಕಡೆ ನಡೆದ.

ಅಲ್ಲಿ ಅವನು ಹೆಗಲ ಮೇಲೆ ಚೀಲ ಹೊತ್ತು ನಿಂತಿದ್ದ. ಹಿರಿಯನ ಮಾತು ಪೂರ್ತಿ ಕೇಳಿದ. ಚೀಲ ಇಳಿಸಲಿಲ್ಲ. ನಾನಿದ್ದ ಕಡೆ ಹೊರಳಿ ನೋಡಲೂ ಇಲ್ಲ.