ಎಂಟು ತಿಂಗಳ ಅತಿಥಿ

2022ರಲ್ಲಿ ನಾನು ಆಳಂದ ತಾಲೂಕಿನ ಒಂದು ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಕಳ್ಳರು, ಕುಡುಕರು, ಮಟ್ಕಾ ಬರೆಯುವವರು ಎಲ್ಲರನ್ನೂ ನೋಡಿದವನು ನಾನು. ಅವರ ಮೇಲೆ ಸಿಟ್ಟು ಬಂದಿದೆ, ಅಸಹ್ಯ ಬಂದಿಲ್ಲ. ಅಸಹ್ಯ ಹುಟ್ಟಿಸಿದವನು ಒಬ್ಬನೇ: ಯುರೋಪಿನಿಂದ ಬಂದಿದ್ದ ಪೀಟರ್ ಎಂಬ ನಿವೃತ್ತ ಮೇಷ್ಟ್ರು. ವಯಸ್ಸು ಅರವತ್ತೆಂಟು, ತಿಂಗಳು ತಿಂಗಳು ಪಿಂಚಣಿ.

ಕಡಗಂಚಿಯ ಬಸ್ಸಿನಲ್ಲಿ ಮಟಕಿ ಎಂಬ ಹಳ್ಳಿಯ ಶಾಂತಮ್ಮನ ಪರಿಚಯ ಮಾಡಿಕೊಂಡು, ನಾಲ್ಕು ದಿನಕ್ಕೆಂದು ಅವರ ಮನೆಗೆ ಬಂದವನು ಎಂಟು ತಿಂಗಳು ಅಲ್ಲೇ ಝಂಡಾ ಊರಿದ. ಶಾಂತಮ್ಮ ಅಂಗನವಾಡಿ ಸಹಾಯಕಿ, ವಿಧವೆ. ಅವನಿಗೆ ಪಡಸಾಲೆ ಬಿಟ್ಟುಕೊಟ್ಟು ತಾವು ಅಡಿಗೆಮನೆಯಲ್ಲಿ ಮಲಗುತ್ತಿದ್ದರು. ಈ ಪುಣ್ಯಾತ್ಮ ಒಂದು ದಿನವೂ ಒಂದು ಹಿಡಿ ಜೋಳದ ಹಿಟ್ಟು ತಂದುಕೊಟ್ಟವನಲ್ಲ. ಇದಕ್ಕೆ ಅವನಿಟ್ಟ ಹೆಸರು ಸರಳ ಜೀವನ!

ವಿದೇಶಿಯರನ್ನು ಮನೆಯಲ್ಲಿಟ್ಟುಕೊಂಡವರು ಇಪ್ಪತ್ನಾಲ್ಕು ತಾಸಿನೊಳಗೆ ಅವರ ಪಾಸ್‌ಪೋರ್ಟ್ ವಿವರವನ್ನು ಸಿ ಫಾರಂನಲ್ಲಿ ತುಂಬಿ ಸರ್ಕಾರಕ್ಕೆ ತಿಳಿಸಬೇಕು. ಲಾಡ್ಜಿನವರಿಗೆ ಇದು ಗೊತ್ತು. ಶಾಂತಮ್ಮನಿಗೆ ಹೇಗೆ ಗೊತ್ತಿರಬೇಕು? ಒಂದು ಮೂಗರ್ಜಿಯಿಂದ ವಿಷಯ ಠಾಣೆಗೆ ಬಂತು. ಕೇಸು ಬಿದ್ದರೆ ಆಕೆಯ ನೌಕರಿಗೇ ಕುತ್ತು. ಇಬ್ಬರನ್ನೂ ಕರೆಸಿದೆ.

"ಯವ್ವಾ, ಅವನ ಪಾಸ್‌ಪೋರ್ಟ್ ಯಾಕ ಕೇಳಲಿಲ್ಲ?"

"ಮನಿಗಿ ಬಂದೋರಿಗಿ ಕಾಗದ ಕೇಳ್ತಾರೇನ್ರಿ ಸಾಹೇಬ್ರ? ಯಾವಾಗ ಹೋಗ್ತೀರಿ ಅಂತ ಸೈತ ಕೇಳಂಗಿಲ್ಲ ನಾವು."

ಪೀಟರ್ ಇಂಗ್ಲಿಷಿನಲ್ಲಿ, "ನನಗೆ ಈ ನಿಯಮ ಗೊತ್ತಿಲ್ಲ. ಅದು ಮನೆಯವರ ಜವಾಬ್ದಾರಿ, ನಾನು ಬರೀ ಅತಿಥಿ" ಎಂದು ಕೈ ತೊಳೆದುಕೊಂಡ. ಆಕೆಗೆ ಆ ಮಾತು ಅರ್ಥವಾಗಲಿಲ್ಲ. ಮನೆಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ರೊಟ್ಟಿ, ಪುಂಡಿ ಪಲ್ಲೆ ಕಟ್ಟಿಕೊಂಡು ಬಂದರು. "ಹೊತ್ತಾಗ್ಯಾದರಿ, ಅವ್ರು ಉಂಡಿಲ್ಲ." ಆಕೆಯ ಪರವಾಗಿ ಒಂದು ಮಾತೂ ಆಡದ ಆಸಾಮಿ ಆಕೆಯದೇ ರೊಟ್ಟಿ ಮುರಿಯುತ್ತ, ಮೊಸರು ಇಲ್ಲವೇ ಎಂದು ಕೇಳಿದ. ಉಂಡ ಮನೆಗೆ ಎರಡು ಬಗೆಯುವವರ ಬಗ್ಗೆ ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದೇ.

ಬೆಳಿಗ್ಗೆ ಅವನೇ ಜಂಬದಿಂದ ತನ್ನ ಬ್ಲಾಗಿನ ಹೆಸರು ಹೇಳಿದ್ದ. ಠಾಣೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆದೆ. ಅಗ್ಗದಲ್ಲಿ ಮುಪ್ಪು ಕಳೆಯುವವರಿಗೆ ಸಲಹೆಗಳಂತೆ! ಒಂದು ಹೀಗಿತ್ತು: ಲಾಡ್ಜಿಗೆ ಹೋಗಬೇಡಿ, ಸಿ ಫಾರಂ ತುಂಬಿಸುತ್ತಾರೆ. ಹಳ್ಳಿಯ ಮನೆ ಹುಡುಕಿ, ಅಲ್ಲಿ ಯಾರೂ ಏನೂ ಕೇಳುವುದಿಲ್ಲ.

ಪ್ರಿಂಟ್ ತೆಗೆದು ಅವನ ಮುಂದಿಟ್ಟೆ. ಗೊತ್ತಿದ್ದೇ ಮುಚ್ಚಿಟ್ಟಿದ್ದಾನೆ ಎಂದು ವರದಿ ಬರೆದೆ. ಅವನನ್ನು ದೇಶ ಬಿಡಿಸಿದರು. ಶಾಂತಮ್ಮನಿಗೆ ಎಚ್ಚರಿಕೆ ಕೊಟ್ಟು ಬಿಡಲು ಮೇಲಧಿಕಾರಿಗಳು ಒಪ್ಪಿದರು. ಅವನ ಬಗ್ಗೆ ಇಂದಿಗೂ ನನಗೆ ಅಯ್ಯೋ ಅನ್ನಿಸಿಲ್ಲ.

ಎಚ್ಚರಿಕೆ ಪತ್ರಕ್ಕೆ ಸಹಿ ಹಾಕಿ ಹೊರಟ ಶಾಂತಮ್ಮ ಬಾಗಿಲಲ್ಲಿ ನಿಂತರು. "ಸಾಹೇಬ್ರ, ಇನ್ನ ಮ್ಯಾಲ ಯಾರರ ಬಂದ್ರ ಮೊದಲ ಕಾಗದ ಕೇಳಿ, ಆಮ್ಯಾಲ ನೀರು ಕೊಡಬೇಕೇನ್ರಿ?"

"ಹೌದವ್ವಾ" ಎಂದೆ. ಕಾನೂನು ಹಾಗೇ ಇದೆ.

ಕಳುವಾದ ಮಾಲನ್ನು ಎಷ್ಟೋ ಮನೆಗಳಿಗೆ ತಿರುಗಿ ತಂದುಕೊಟ್ಟಿದ್ದೇನೆ. ಆ ಮನೆಯಿಂದ ಅವನು ಒಯ್ದದ್ದನ್ನು ತಂದುಕೊಡುವುದು ಯಾವ ಪೊಲೀಸನಿಂದಲೂ ಆಗದ ಕೆಲಸ ಎಂದು ಅಂದು ಕಲಿತೆ.